ಕಲ್ಲಿನ ಸಾಕ್ಷ್ಯ

ಮಾನವನ ಆಯುಷ್ಯ ಅಲ್ಪ. ಅವನ ಆಸೆ ದೀರ್ಘ. ತಾನು ಕಣ್ಮರೆಯಾದ ಮೇಲೂ ತನ್ನ ಹೆಸರು ಉಳಿಯಬೇಕೆಂದು, ತಾನು ಪ್ರೀತಿಸಿದವರ ನೆನಪು ಮಾಸಬಾರದೆಂದು ಅವನು ಹಂಬಲಿಸುತ್ತಾನೆ. ಆದರೆ ತಾಳೆಗರಿಯನ್ನು ಹುಳು ತಿನ್ನುತ್ತದೆ. ಮರವನ್ನು ಗೆದ್ದಲು ಮುಕ್ಕುತ್ತದೆ. ಬಾಯಿಮಾತು ಒಂದೆರಡು ತಲೆಮಾರಿನಲ್ಲಿ ಕರಗಿಹೋಗುತ್ತದೆ. ಆದುದರಿಂದ ಬಹು ಹಿಂದಿನ ಕಾಲದಿಂದಲೂ ಮನುಷ್ಯನು ತನ್ನ ನೆನಪನ್ನು ಕಲ್ಲಿನ ವಶಕ್ಕೆ ಒಪ್ಪಿಸುತ್ತ ಬಂದಿದ್ದಾನೆ. ದೇವಾಲಯ, ಬಸದಿ, ಶಾಸನ, ವೀರಗಲ್ಲು, ಗೋರಿ, ಸ್ತಂಭ, ಪ್ರತಿಮೆ ಇವೆಲ್ಲವೂ ಅಂತಹ ನೆನಪಿನ ರೂಪಗಳು. ಇವುಗಳನ್ನು ನಾವು ಸ್ಮಾರಕಗಳೆಂದು ಕರೆಯುತ್ತೇವೆ.

ನೆನಪಿಗಾಗಿ ನಿಲ್ಲಿಸಿದ ಕಲ್ಲು ನಿರುಪದ್ರವಿ ಎಂದು ತೋರುತ್ತದೆ. ಆದರೆ ಒಂದು ಪ್ರತಿಮೆಯ ಮುಂದೆ ಕೆಲವರು ಕೈಮುಗಿದು ನಿಂತರೆ, ಅದೇ ಪ್ರತಿಮೆಯನ್ನು ಕಂಡು ಬೇರೆ ಕೆಲವರು ಹಲ್ಲು ಕಡಿಯುವುದನ್ನು ನಾವು ನೋಡುತ್ತೇವೆ. ಹದಿನೆಂಟು ವರ್ಷಗಳ ಕಾಲ ಮುಸುಕಿನೊಳಗೇ ನಿಂತಿದ್ದ ಕವಿಯ ಪ್ರತಿಮೆಯೊಂದು ನಮ್ಮ ರಾಜಧಾನಿಯಲ್ಲಿದೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ರೂಪ ಬದಲಿಸಿಕೊಂಡ ಕಟ್ಟಡವೂ ಇದೆ. ಬಾಯಿಲ್ಲದ ಕಲ್ಲಿಗಾಗಿ ಬಾಯುಳ್ಳ ಮನುಷ್ಯರು ಏಕೆ ಕಾದಾಡುತ್ತಾರೆ? ಸ್ಮಾರಕವನ್ನು ನಾವು ಹೇಗೆ ನೋಡಬೇಕು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ನಮ್ಮ ನಾಡಿನ ತೆಂಕಣ ಅಂಚಿನಲ್ಲಿರುವ ಒಂದು ಸೀಮೆಯಿಂದ ಹೊರಡೋಣ.

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ನಂಜನಗೂಡನ್ನು ದಾಟಿ, ಗುಂಡ್ಲುಪೇಟೆಯನ್ನು ಹಾದು, ಬಂಡೀಪುರದ ಕಾಡಿನ ಕಡೆಗೆ ಸಾಗುತ್ತದೆ. ಪೂರ್ವಕ್ಕೆ ಚಾಮರಾಜನಗರ, ಅದರಾಚೆ ಬಿಳಿಗಿರಿರಂಗನ ಬೆಟ್ಟ, ದಕ್ಷಿಣಕ್ಕೆ ನೀಲಗಿರಿ. ಕನ್ನಡ, ತಮಿಳು, ಮಲಯಾಳ ನುಡಿಗಳು ಸಂಧಿಸುವ ಎಡೆ ಇದು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರೂಪುಗೊಂಡಿತು. ಗಂಗರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರಿನ ಒಡೆಯರು ಹೀಗೆ ಅನೇಕರು ಆಳಿದ ಈ ನೆಲದಲ್ಲಿ ಕಲ್ಲಿನ ನೆನಪುಗಳಿಗೆ ಕೊರತೆಯಿಲ್ಲ.

ನಮ್ಮ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ಸ್ಮಾರಕ ವೀರಗಲ್ಲು. ತುರುಗೋಳಿನಲ್ಲಿ ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವನಿಗೆ, ಊರಳಿವಿನಲ್ಲಿ ಊರನ್ನು ಕಾಯುತ್ತ ಮಡಿದವನಿಗೆ, ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಪ್ರಾಣ ಕೊಟ್ಟವನಿಗೆ, ಕಾಡುಮೃಗದೊಡನೆ ಸೆಣಸಿದವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗದ ಚಿತ್ರ. ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ಚಿತ್ರ. ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತ ಚಿತ್ರ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲು ಇನ್ನೂ ಸ್ವಾರಸ್ಯಕರವಾದುದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮಹಾಘಟನೆಯನ್ನು ಹೇಳುವ ಆ ಕಲ್ಲೇ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ. ಅರಸರ ಯುದ್ಧಕ್ಕೂ ನಾಯಿಯ ನಿಷ್ಠೆಗೂ ಒಂದೇ ಕಲ್ಲಿನಲ್ಲಿ ಜಾಗ ದೊರೆತ ಅಪೂರ್ವ ನಿದರ್ಶನವಿದು.

ಆದರೆ ಎಲ್ಲ ಕಲ್ಲುಗಳೂ ಎಲ್ಲರನ್ನೂ ಹೀಗೆ ನೆನೆಯುವುದಿಲ್ಲ. ಚಾಮರಾಜನಗರದಲ್ಲಿರುವ ಪಾರ್ಶ್ವನಾಥ ಬಸದಿಯ ಶಾಸನವನ್ನು ನೋಡಬಹುದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು 1117ರ ಸುಮಾರಿಗೆ ಆ ಬಸದಿಯನ್ನು ಕಟ್ಟಿಸಿದನು. ಬಂಡವಾಳ ಕಳೆದುಕೊಂಡ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಬೇಡರ ನಾಯಕ, ಇಂತಹವರಿಗೆಲ್ಲ ಅವನು ಬೇಕಾದುದನ್ನು ಕೊಟ್ಟು ಪೊರೆದನೆಂದು ಶಾಸನ ಹೊಗಳುತ್ತದೆ. ಓದಿದವರಿಗೆ ಆ ದಂಡನಾಯಕನ ಮೇಲೆ ಗೌರವ ಮೂಡುತ್ತದೆ. ಅದೇ ಶಾಸನ, ಅದೇ ಉಸಿರಿನಲ್ಲಿ, ಅವನು ತೋಡರನ್ನು ಬೆದರಿಸಿದನೆಂದೂ ಕೊಂಗರನ್ನು ಅಟ್ಟಿದನೆಂದೂ ನೀಲಗಿರಿಯನ್ನು ಹೊಕ್ಕನೆಂದೂ ಹಿಗ್ಗಿನಿಂದ ಹೇಳುತ್ತದೆ. ನೀಲಗಿರಿಯ ತೋಡರ ಹೆಸರು ಬರೆಹದಲ್ಲಿ ಕಾಣಿಸಿಕೊಳ್ಳುವುದು ಇಲ್ಲಿಯೇ ಮೊದಲೆಂದು ವಿದ್ವಾಂಸರು ಹೇಳುತ್ತಾರೆ.

ಎಮ್ಮೆಗಳನ್ನು ಸಾಕಿಕೊಂಡು ಬೆಟ್ಟದ ಹುಲ್ಲುಗಾವಲಿನಲ್ಲಿ ಬದುಕುತ್ತಿದ್ದ ತೋಡರು ಇತಿಹಾಸವನ್ನು ಪ್ರವೇಶಿಸಿದ್ದು ಹೀಗೆ: ಗೆದ್ದವನ ಕಲ್ಲಿನಲ್ಲಿ, ಹೆದರಿದವರೆಂಬ ವಿಶೇಷಣದೊಡನೆ. ಆ ದಂಡಯಾತ್ರೆಯನ್ನು ಕುರಿತು ಅವರು ತಮ್ಮ ಮಕ್ಕಳಿಗೆ ಏನು ಹೇಳಿದರೋ ಆ ಶಾಸನದಲ್ಲಿ ಇಲ್ಲ. ಬೀಜವಿಲ್ಲದವನಿಗೆ ಬೀಜ ಕೊಟ್ಟ ಕೈಯೇ ಬೆಟ್ಟದ ಜನರ ಮೇಲೆ ಕತ್ತಿಯನ್ನು ಎತ್ತಿತು. ಎರಡೂ ನಿಜವಿರಬಹುದು. ಶಾಸನವನ್ನು ಓದುವವನು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಅವನಿಗೆ ಪುಣಿಸನೂ ತಿಳಿಯುವುದಿಲ್ಲ, ಆ ಕಾಲವೂ ತಿಳಿಯುವುದಿಲ್ಲ.

ಸ್ಮಾರಕವು ಹೀಗೆ ಒಬ್ಬ ಸಾಕ್ಷಿಯಿದ್ದಂತೆ. ನ್ಯಾಯಾಲಯದಲ್ಲಿ ಒಂದು ಪಕ್ಷದ ಸಾಕ್ಷಿ ಬಂದು ತಾನು ಕಂಡದ್ದನ್ನು, ತನಗೆ ಬೇಕಾದಂತೆ ಹೇಳುತ್ತಾನೆ. ಅವನ ಮಾತನ್ನು ಕೇಳಿದೊಡನೆ ಯಾವ ನ್ಯಾಯಾಧೀಶನೂ ತೀರ್ಪು ಕೊಡುವುದಿಲ್ಲ. ಪಾಟೀಸವಾಲು ನಡೆಯಬೇಕು, ಎದುರು ಪಕ್ಷದ ಮಾತನ್ನೂ ಕೇಳಬೇಕು. ಹಾಗೆಂದು ಸಾಕ್ಷಿಯನ್ನು ಕಟಕಟೆಯಿಂದ ಎಳೆದು ಹೊರಕ್ಕೆ ದಬ್ಬುವುದೂ ನ್ಯಾಯವಲ್ಲ. ಅವನ ಹೇಳಿಕೆಯಲ್ಲಿ ನಿಜದ ಅಂಶವಿರುತ್ತದೆ. ಅವನು ಮುಚ್ಚಿಟ್ಟದ್ದರಿಂದಲೂ ನಮಗೆ ತಿಳಿಯಬೇಕಾದದ್ದು ಇರುತ್ತದೆ.

ಸಾಕ್ಷಿಗೆ ಹಾಕಬೇಕಾದ ಮೊದಲ ಪ್ರಶ್ನೆ, ಅವನನ್ನು ಕರೆತಂದವರು ಯಾರು, ಯಾವಾಗ ಎಂಬುದು. ಇಂದು ಚಾಮರಾಜನಗರವೆನಿಸಿಕೊಂಡಿರುವ ಪಟ್ಟಣಕ್ಕೆ ಹಿಂದೆ ಅರಿಕುಠಾರ ಎಂಬ ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಆ ಊರಿಗೆ 1818ರಲ್ಲಿ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಮೇಲುನೋಟಕ್ಕೆ ಇದು ಮಗನ ಪಿತೃಭಕ್ತಿ. ಪಿತೃಭಕ್ತಿ ಇದ್ದುದು ದಿಟವೇ. ಆದರೆ ಆ ತಂದೆಯ ಬಾಳನ್ನು ನೆನೆದರೆ ದೇವಾಲಯದ ಅರ್ಥ ಇನ್ನಷ್ಟು ಆಳವಾಗುತ್ತದೆ. 1776ರಲ್ಲಿ ಹೈದರಾಲಿಯ ಇಚ್ಛೆಯಂತೆ ಪಟ್ಟವೇರಿ, 1796ರಲ್ಲಿ ತೀರಿಕೊಂಡ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ದೊರೆಗಳು. ಅಧಿಕಾರವೆಲ್ಲ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಐದು ವರ್ಷದ ಬಾಲಕ ಕೃಷ್ಣರಾಜರನ್ನು ಗದ್ದುಗೆಯಲ್ಲಿ ಕುಳ್ಳಿರಿಸಿದರು.

ಬಾಳಿನಲ್ಲಿ ತಂದೆಗೆ ದೊರೆಯದಿದ್ದ ರಾಜಗೌರವವನ್ನು ಮಗನು ಕಲ್ಲಿನಲ್ಲಿ ತುಂಬಿಕೊಟ್ಟನು. ಕಳಚಿಹೋಗಿದ್ದ ವಂಶದ ಕೊಂಡಿಯನ್ನು ಮತ್ತೆ ಬೆಸೆದನು. ಆದುದರಿಂದ ಆ ದೇವಾಲಯವು 1776ರ ಚಾಮರಾಜರನ್ನು ಕುರಿತು ಹೇಳುವುದಕ್ಕಿಂತ ಹೆಚ್ಚಾಗಿ 1826ರ ಮೈಸೂರು ಅರಮನೆಯ ಮನಸ್ಸನ್ನು ತಿಳಿಸುತ್ತದೆ. ಸ್ಮಾರಕಗಳನ್ನು ನೋಡುವಾಗ ಮರೆಯಬಾರದ ಸೂತ್ರವಿದು. ಪ್ರತಿಯೊಂದು ಸ್ಮಾರಕಕ್ಕೂ ಎರಡು ಕಾಲಗಳುಂಟು: ಅದು ನೆನೆಯುವ ಕಾಲ ಒಂದು, ಅದನ್ನು ನಿಲ್ಲಿಸಿದ ಕಾಲ ಇನ್ನೊಂದು.

ಎರಡನೆಯ ಪ್ರಶ್ನೆ, ಸಾಕ್ಷಿ ಯಾರ ಹೆಸರನ್ನು ಎತ್ತಲಿಲ್ಲ ಎಂಬುದು. ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವಿದೆ. 1673ರಿಂದ 1704ರ ವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದ ಗುಡಿ ಅದು. ಚಿಕ್ಕದೇವರಾಜರು ಸಮರ್ಥ ದೊರೆ, ಕವಿಗಳ ಆಶ್ರಯದಾತ. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಅವರ ಅರಮನೆಯಲ್ಲಿದ್ದವಳೇ. ಆದರೆ ಅವರ ಕಾಲದಲ್ಲಿ ತೆರಿಗೆಯ ಭಾರವನ್ನು ತಾಳಲಾರದೆ ರೈತರು ನೇಗಿಲನ್ನು ಕೆಳಗಿಟ್ಟು ಪ್ರತಿಭಟಿಸಿದರೆಂದೂ, ಅವರ ಪರವಾಗಿ ನಿಂತ ಜಂಗಮರನ್ನು ನಂಜನಗೂಡಿನ ಬಳಿ ಕೊಲ್ಲಿಸಲಾಯಿತೆಂದೂ ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಬರೆದಿದ್ದಾನೆ. ವಿಲ್ಕ್ಸ್ ಬರೆದದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅವನು ಕೊಡುವ ವಿವರಗಳನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಅದೇನೇ ಇರಲಿ, ದೊರೆಯ ತಂದೆಯ ನೆನಪಿಗೆ ಗೋಪುರವೆದ್ದಿತು. ನೇಗಿಲನ್ನು ಕೆಳಗಿಟ್ಟವರ ನೆನಪು ಬಾಯಿಮಾತಿಗೂ ಪುಸ್ತಕದ ಒಂದು ಪುಟಕ್ಕೂ ಸೀಮಿತವಾಯಿತು.

ಅದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋದರೆ ಬಂಡೀಪುರ. ಮೈಸೂರು ಸಂಸ್ಥಾನವು ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ಇಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಿತು. 1973ರಲ್ಲಿ ಹುಲಿ ಯೋಜನೆ ಬಂದಿತು. ಅಳಿವಿನ ಅಂಚಿಗೆ ಹೋಗಿದ್ದ ಹುಲಿ ಉಳಿದದ್ದು ನಾಡಿಗೇ ಹೆಮ್ಮೆಯ ಸಂಗತಿ. ಕಾಡು ರಕ್ಷಿತಾರಣ್ಯವಾದಂತೆ, ತಲೆತಲಾಂತರದಿಂದ ಅಲ್ಲಿ ಬಾಳುತ್ತಿದ್ದ ಜೇನುಕುರುಬ, ಸೋಲಿಗ ಮೊದಲಾದ ಜನರ ಹಾಡಿಗಳು ಅಂಚಿಗೆ ಸರಿದವು. ಅವರ ಪೂರ್ವಿಕರ ನೆನಪು ಮರದಲ್ಲಿ, ಬಂಡೆಯಲ್ಲಿ, ಹಾಡಿನಲ್ಲಿ ಇದೆ. ಹೆದ್ದಾರಿಯ ಪ್ರವಾಸಿಗೆ ಕಾಣುವಂತಹ ಕಂಬದಲ್ಲಿ ಇಲ್ಲ. ಕಲ್ಲು ಇಲ್ಲದ ಕಡೆ ಇತಿಹಾಸವೇ ಇಲ್ಲವೆಂದು ಭಾವಿಸುವುದು ದೊಡ್ಡ ತಪ್ಪು.

ಇನ್ನು ನಮ್ಮ ಕಾಲದ ವಿವಾದಗಳಿಗೆ ಬರೋಣ. ರಾಜರ ಕಾಲದಲ್ಲಿ ಸ್ಮಾರಕವನ್ನು ನಿಲ್ಲಿಸುವ ಅಧಿಕಾರ ಬಹುಮಟ್ಟಿಗೆ ಉಳ್ಳವರದಾಗಿತ್ತು. ಪ್ರಜಾಪ್ರಭುತ್ವದಲ್ಲಿ ರಸ್ತೆ, ವೃತ್ತ, ಉದ್ಯಾನಗಳು ಎಲ್ಲರ ಸೊತ್ತು. ಎಲ್ಲರ ಸೊತ್ತಾದುದರಿಂದಲೇ ಅಲ್ಲಿ ಯಾರ ನೆನಪು ನಿಲ್ಲಬೇಕೆಂಬ ಪ್ರಶ್ನೆ ಏಳುತ್ತದೆ. ಶತಮಾನಗಳ ಕಾಲ ಊರಿನ ಮುಖ್ಯ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಅವಕಾಶವಿಲ್ಲದಿದ್ದ ಜನರು ಅದೇ ಬೀದಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರರ ಪ್ರತಿಮೆಯನ್ನು ನಿಲ್ಲಿಸಿದಾಗ, ಅದು ಬರಿಯ ಅಲಂಕಾರವಾಗಿರುವುದಿಲ್ಲ. ಈ ಬೀದಿ ನಮ್ಮದೂ ಹೌದು ಎಂಬ ಘೋಷಣೆಯಾಗಿರುತ್ತದೆ. ಅಂತಹ ಪ್ರತಿಮೆಗೆ ಯಾರಾದರೂ ಅವಮಾನ ಮಾಡಿದರೆ ಪೆಟ್ಟು ಬೀಳುವುದು ಕಲ್ಲಿಗಲ್ಲ, ಬದುಕಿರುವ ಮನುಷ್ಯರಿಗೆ. ಸ್ಮಾರಕಗಳ ಜಗಳವನ್ನು ಹುಚ್ಚುತನವೆಂದು ತಳ್ಳಿಹಾಕುವವರು ಈ ಮಾತನ್ನು ಗಮನಿಸಬೇಕು.

ಆದರೆ ಎಲ್ಲ ಜಗಳಗಳಲ್ಲಿಯೂ ಇಂತಹ ಗಂಭೀರ ಕಾರಣವಿರುತ್ತದೆಂದು ಹೇಳಲಾಗದು. 2022ರ ನವೆಂಬರ್‌ನಲ್ಲಿ ಮೈಸೂರು–ಊಟಿ ರಸ್ತೆಯ ಒಂದು ಬಸ್ ತಂಗುದಾಣ ದೇಶದ ಗಮನವನ್ನು ಸೆಳೆಯಿತು. ಅದರ ನೆತ್ತಿಯ ಮೇಲೆ ಮೂರು ಗುಮ್ಮಟಗಳಿದ್ದವು. ಅದು ಮಸೀದಿಯನ್ನು ಹೋಲುತ್ತದೆ, ಕೆಡವಬೇಕು ಎಂದು ಕೆಲವರು. ಮೈಸೂರು ಅರಮನೆಯ ಮಾದರಿಯಲ್ಲಿ ಕಟ್ಟಿದ್ದೆಂದು ಕಟ್ಟಿಸಿದವರು. ಕೊನೆಗೆ ಒಂದು ರಾತ್ರಿ ಅಕ್ಕಪಕ್ಕದ ಎರಡು ಗುಮ್ಮಟಗಳು ಮಾಯವಾಗಿ ನಡುವಿನದೊಂದೇ ಉಳಿಯಿತು. ಬಿಸಿಲುಮಳೆಗಳಿಂದ ಪ್ರಯಾಣಿಕರನ್ನು ಕಾಯಬೇಕಾದ ಸೂರು ಹೀಗೆ ಇತಿಹಾಸದ ವ್ಯಾಜ್ಯಕ್ಕೆ ಸಿಕ್ಕಿತು. ಮೈಸೂರು ಅರಮನೆಯ ಮೇಲೆಯೂ ಗುಮ್ಮಟಗಳಿವೆ. ಅದೇ ದಾರಿಯ ನಂಜನಗೂಡಿನಲ್ಲಿ, ಟಿಪ್ಪು ಅರ್ಪಿಸಿದನೆಂದು ಪ್ರತೀತಿಯಿರುವ ಪಚ್ಚೆಲಿಂಗಕ್ಕೆ ಪೂಜೆ ನಡೆಯುತ್ತದೆ, ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರೂ ಇದೆ. ನಮ್ಮ ಪೂರ್ವಿಕರ ಶಿಲ್ಪವೂ ಭಕ್ತಿಯೂ ಬೆರೆತು ಬೆಳೆದ ಬಗೆಯನ್ನು ಆ ದಾರಿಯೇ ತೋರಿಸುತ್ತದೆ.

ಮುಸುಕಿನಲ್ಲಿ ನಿಂತ ಕವಿಯ ಕಥೆ ಇದಕ್ಕಿಂತ ಕಠಿಣವಾದುದು. ಬೆಂಗಳೂರಿನ ತಮಿಳು ಸಂಘದವರು ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆಯನ್ನು 1991ರಲ್ಲಿ ನಿಲ್ಲಿಸಿದರು. 1330 ಕುರಳ್‌ಗಳಲ್ಲಿ ಧರ್ಮ, ಅರ್ಥ, ಕಾಮಗಳನ್ನು ವಿವರಿಸಿದ ಆ ಕವಿಗೆ ಯಾವ ಕನ್ನಡಿಗನೊಡನೆಯೂ ಹಗೆಯಿರಲಿಲ್ಲ. ಆದರೆ ಅದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿದ್ದ ವರ್ಷ. ಆ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಹಿಂಸೆ ಭುಗಿಲೆದ್ದಿತು. ಎಷ್ಟೋ ತಮಿಳು ಕುಟುಂಬಗಳು ಮನೆಮಠಗಳನ್ನು ತೊರೆದು ಓಡಿದವು. ತಮ್ಮ ರಾಜಧಾನಿಯಲ್ಲಿಯೇ ತಮ್ಮ ನುಡಿ ಹಿಂದೆ ಬೀಳುತ್ತಿದೆಯೆಂಬ ಕನ್ನಡಿಗರ ಅಳಲು ಒಂದೆಡೆ, ತಲೆಮಾರುಗಳಿಂದ ಇಲ್ಲಿ ದುಡಿದು ಬಾಳಿದ ತಮಿಳರ ಅಭಿಮಾನ ಮತ್ತೊಂದೆಡೆ. ಇವೆರಡರ ನಡುವೆ ಪ್ರತಿಮೆಯ ಮುಸುಕು ಹಾಗೆಯೇ ಉಳಿಯಿತು.

ಈ ಕಥೆ ಚಾಮರಾಜನಗರದ ಗಡಿಗೂ ಬಂದಿತು. ಗಡಿಯಾಚೆ ತಮಿಳುನಾಡಿನ ತಾಳವಾಡಿ ಸೀಮೆಯಿದೆ. ಅಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡದ ಮಾತು ಕೇಳಿಬರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ವರನಟ ಡಾ. ರಾಜಕುಮಾರರ ಹುಟ್ಟೂರು ಗಾಜನೂರು ಇರುವುದು ಅಲ್ಲಿಯೇ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಗಾಜನೂರಿನ ಮನೆಯಿಂದ ಅಪಹರಿಸಿದನು. ಅವನು ಮುಂದಿಟ್ಟ ಬೇಡಿಕೆಗಳಲ್ಲಿ ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಅನಾವರಣವೂ ಒಂದಾಗಿತ್ತು! ಅಹಿಂಸೆಯನ್ನೂ ಸತ್ಯವನ್ನೂ ಬೋಧಿಸಿದ ಕವಿಯ ಹೆಸರು ಕೊಲೆಗಡುಕನೊಬ್ಬನ ಚೌಕಾಸಿಯ ಸರಕಾಯಿತು. ರಾಜಕುಮಾರರು 108 ದಿನಗಳ ಬಳಿಕ ನವೆಂಬರ್ 15ರಂದು ಬಿಡುಗಡೆಯಾದರು. ಪ್ರತಿಮೆಗೆ ಬಿಡುಗಡೆ ದೊರೆಯಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಬಿಡುಗಡೆ ದೊರೆತ ಬಗೆ ಗಮನಾರ್ಹವಾದುದು. ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಮಾತನಾಡಿ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣವಾಗಲಿ, ಚೆನ್ನೈಯಲ್ಲಿ ಕನ್ನಡದ ತ್ರಿಪದಿಕವಿ ಸರ್ವಜ್ಞನ ಪ್ರತಿಮೆ ನಿಲ್ಲಲಿ ಎಂದು ಒಪ್ಪಿಕೊಂಡರು. 2009ರ ಆಗಸ್ಟ್ 9ರಂದು ಹಲಸೂರಿನಲ್ಲಿ ಮುಸುಕು ಸರಿಯಿತು. ಆಗಸ್ಟ್ 13ರಂದು ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಕಾವೇರಿಯ ವ್ಯಾಜ್ಯ ಅದರಿಂದ ಮುಗಿಯಲಿಲ್ಲ. ಆದರೆ ಒಬ್ಬರ ಕವಿಗೆ ಗೌರವ ಸಂದರೆ ಇನ್ನೊಬ್ಬರ ಕವಿಗೆ ಕುಂದಾಗುವುದಿಲ್ಲವೆಂಬುದನ್ನು ಎರಡು ನಾಡುಗಳೂ ಕಂಡುಕೊಂಡವು. ಹದಿನೆಂಟು ವರ್ಷಗಳಲ್ಲಿ ಆ ಕಲ್ಲು ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅದರ ಸುತ್ತಲಿನ ಮನಸ್ಸು.

ವಿವಾದ ಎದ್ದಾಗ ಸಮಾಜವು ಹಿಡಿಯುವ ದಾರಿಗಳು ಹಲವು. ಕೆಡವುವುದು ಒಂದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರನ್ನು ಮುತ್ತಿದಾಗ ಸತ್ತ ಬ್ರಿಟಿಷರ ಸ್ಮಾರಕಸ್ತಂಭವೊಂದು ನಗರಪಾಲಿಕೆಯ ಕಟ್ಟಡದ ಎದುರಿಗಿತ್ತು. ನಮ್ಮನ್ನು ಗೆಲ್ಲಬಂದವರ ಸ್ಮಾರಕ ಸ್ವತಂತ್ರ ಭಾರತದಲ್ಲಿ ಏಕೆ ಎಂದು ಕನ್ನಡ ಚಳವಳಿಗಾರರು ಕೇಳಿದರು. 1964ರಲ್ಲಿ ಅದನ್ನು ಕೆಡವಲಾಯಿತು. ಅವರ ಪ್ರಶ್ನೆ ನ್ಯಾಯವಾದುದೇ: ಕೋಟೆಯನ್ನು ಕಾಯುತ್ತ ಮಡಿದವರಿಗಾಗಿ ಎತ್ತಿದ ಸ್ತಂಭ ಅದಾಗಿರಲಿಲ್ಲ. ಆದರೆ ಕೆಡವಿದ ಮೇಲೆ ಆ ಸಾಕ್ಷಿಗೆ ಹಾಕಬಹುದಾಗಿದ್ದ ಪ್ರಶ್ನೆಗಳೂ ಅದರೊಡನೆಯೇ ಹೋದವು.

ಸ್ಥಳಾಂತರಿಸುವುದು ಎರಡನೆಯ ದಾರಿ. 1834ರಿಂದ 1861ರ ವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನನ ಪ್ರತಿಮೆ ಬಹುಕಾಲ ಹೈಕೋರ್ಟಿನ ಆವರಣದಲ್ಲಿತ್ತು. ನ್ಯಾಯಪೀಠದ ಎದುರು ಪರಕೀಯ ಆಡಳಿತಗಾರ ನಿಂತಿರುವುದು ಸರಿಯೇ ಎಂಬ ಆಕ್ಷೇಪ ಇತ್ತು. 2020ರಲ್ಲಿ ಅದನ್ನು ಅವನ ಹೆಸರಿನದೇ ಆದ ಉದ್ಯಾನಕ್ಕೆ ಸಾಗಿಸಲಾಯಿತು. ಅದೇ ವರ್ಷದ ಜೂನ್ 7ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನರು ಎಡ್ವರ್ಡ್ ಕೋಲ್‌ಸ್ಟನ್ ಎಂಬ ಗುಲಾಮರ ವ್ಯಾಪಾರಿಯ ಪ್ರತಿಮೆಯನ್ನು ಉರುಳಿಸಿ ಬಂದರಿನ ನೀರಿಗೆ ಎಸೆದರು. 1895ರಲ್ಲಿ ಅದನ್ನು ನಿಲ್ಲಿಸಿದವರು ಅವನ ದಾನಗುಣವನ್ನು ಕೊಂಡಾಡಿ, ಆ ಹಣದ ಮೂಲವನ್ನು ಮರೆಸಿದ್ದರು. ನೀರಿನಿಂದ ಮೇಲೆತ್ತಿದ ಪ್ರತಿಮೆಯನ್ನು ಬಳಿಕ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಮೈಮೇಲೆ ಬಿದ್ದ ಬಣ್ಣದೊಡನೆ, ಮಲಗಿಸಿಯೇ ಪ್ರದರ್ಶಿಸಿದರು. ಪೀಠದ ಮೇಲೆ ನಿಂತವನಿಗೆ ಗೌರವ ಸಲ್ಲುತ್ತದೆ. ವಸ್ತುಸಂಗ್ರಹಾಲಯದಲ್ಲಿ ಇಟ್ಟದ್ದನ್ನು ಅಧ್ಯಯನ ಮಾಡುತ್ತೇವೆ. ಗೌರವಿಸುವುದಕ್ಕೂ ಅರಿಯುವುದಕ್ಕೂ ಇರುವ ಅಂತರ ಇದು.

ಮೂರನೆಯ ದಾರಿ, ಒಂದು ನೆನಪಿನ ಪಕ್ಕದಲ್ಲಿ ಮತ್ತೊಂದಕ್ಕೂ ಎಡೆಮಾಡಿಕೊಡುವುದು. ಶ್ರೀರಂಗಪಟ್ಟಣದಲ್ಲಿ 1799ರ ಯುದ್ಧದಲ್ಲಿ ಬ್ರಿಟಿಷರ ಕಡೆ ಮಡಿದವರಿಗಾಗಿ 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಅದೇ ದಿನ ಹೋರಾಡುತ್ತ ಟಿಪ್ಪು ಸುಲ್ತಾನ ಬಿದ್ದ ಸ್ಥಳವನ್ನು ಸೂಚಿಸುವ ಕಲ್ಲೂ ಇದೆ. ಅವನ ಗುಂಬಜ್ ಇದೆ. ಎಲ್ಲಕ್ಕೂ ಹಿರಿಯನಾದ ರಂಗನಾಥನ ದೇಗುಲವಿದೆ. ಒಂದೇ ದಿನದ ನಡಿಗೆಯಲ್ಲಿ ಇಷ್ಟೂ ಸಾಕ್ಷಿಗಳ ಮಾತನ್ನು ಕೇಳಬಹುದು. ಬೆಳಗಾವಿಯ ಪೀರನವಾಡಿಯಲ್ಲಿ 2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿಷಯದಲ್ಲಿ ಕನ್ನಡ, ಮರಾಠಿ ಭಾಷಿಕರ ನಡುವೆ ಉದ್ವಿಗ್ನತೆ ಉಂಟಾದಾಗ ಕಂಡುಕೊಂಡ ಪರಿಹಾರವೂ ಇಂತಹುದೇ. ರಾಯಣ್ಣನ ಪ್ರತಿಮೆ ನಿಂತಲ್ಲಿಯೇ ಇರಲಿ, ವೃತ್ತಕ್ಕೆ ಶಿವಾಜಿಯ ಹೆಸರು ಇರಲಿ ಎಂದು ಎರಡು ಕಡೆಯವರೂ ಒಪ್ಪಿದರು.

ಕೆಲವು ಸ್ಮಾರಕಗಳು ಪೀಠದಿಂದ ಇಳಿಯಬೇಕಾದವೇ ಇರಬಹುದು. ಅದನ್ನು ನಿರ್ಧರಿಸಬೇಕಾದದ್ದು ಹಗಲಿನ ಬೆಳಕಿನಲ್ಲಿ, ಚರ್ಚೆಯಿಂದ, ಕಾನೂನಿನ ಮಾರ್ಗದಲ್ಲಿ. ಕತ್ತಲೆಯಲ್ಲಿ ಸುತ್ತಿಗೆಯಿಂದಲ್ಲ, ಮಸಿಯಿಂದಲೂ ಅಲ್ಲ. ಹೊಸದನ್ನು ನಿಲ್ಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2013ರ ಜನವರಿಯಲ್ಲಿ ಆದೇಶಿಸಿತು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಶಾಸನವಿದೆ. ನಮ್ಮ ಸಂವಿಧಾನದ 51ಎ ವಿಧಿಯು ಮಿಶ್ರ ಸಂಸ್ಕೃತಿಯ ಸಂಪನ್ನ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ‘ಮಿಶ್ರ’ ಎಂಬ ಪದವನ್ನು ಅಲ್ಲಿ ಸುಮ್ಮನೆ ಬಳಸಿಲ್ಲ. ನಮಗೆ ಪ್ರಿಯವಾದುದನ್ನು ಮಾತ್ರ ಕಾಪಾಡಿದರೆ ಆ ಕರ್ತವ್ಯ ಅರ್ಧದಲ್ಲಿಯೇ ನಿಂತಂತೆ.

ಕಲ್ಲನ್ನು ಓದುವ ಕೆಲಸವನ್ನು ದೊಡ್ಡ ವಿದ್ವಾಂಸರೇ ಮಾಡಬೇಕೆಂದಿಲ್ಲ. ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲು ಅರ್ಧ ಹೂತು ನಿಂತಿರಬಹುದು. ಅದರ ಮೇಲೆ ಬಟ್ಟೆ ಒಗೆಯುತ್ತಿರಬಹುದು, ಕತ್ತಿ ಮಸೆಯುತ್ತಿರಬಹುದು. ವೃತ್ತದಲ್ಲಿ ಒಂದು ಪ್ರತಿಮೆಯಿರಬಹುದು. ಅದರ ಮುಂದೆ ನಿಂತು ಕೇಳಿ: ಇದು ಯಾರನ್ನು ನೆನೆಯುತ್ತದೆ? ನಿಲ್ಲಿಸಿದವರು ಯಾರು, ಯಾವ ಕಾಲದಲ್ಲಿ, ಯಾವ ಅಗತ್ಯಕ್ಕಾಗಿ? ಇದನ್ನು ಕಂಡು ಹಿಗ್ಗುವವರು ಯಾರು, ನೋಯುವವರು ಯಾರು? ಇಲ್ಲಿ ಹೆಸರಿಲ್ಲದವರು ಯಾರು? ಉತ್ತರಕ್ಕಾಗಿ ಊರಿನ ಹಿರಿಯರನ್ನು ವಿಚಾರಿಸಿ. ಒಂದು ಕೇರಿಯ ಹಿರಿಯರನ್ನಷ್ಟೇ ಅಲ್ಲ, ಎಲ್ಲ ಕೇರಿಯವರನ್ನೂ ವಿಚಾರಿಸಿ. ಬಿ. ಎಲ್. ರೈಸ್ ಮತ್ತು ಅವರ ಸಹಾಯಕ ಪಂಡಿತರು ಹಳ್ಳಿಹಳ್ಳಿಗಳನ್ನು ಸುತ್ತಿ ಶಾಸನಗಳನ್ನು ಪ್ರತಿಮಾಡಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಪುಣಿಸನ ದಾನವೂ ತೋಡರ ಹೆಸರೂ ನಮಗೆ ತಿಳಿದುಬಂದವು. ಇನ್ನೂ ಓದದೆ ಬಿಟ್ಟ ಕಲ್ಲುಗಳು ನಾಡಿನಲ್ಲಿ ಬೇಕಾದಷ್ಟಿವೆ. ಅವುಗಳ ಮೈಮೇಲಿನ ಮಣ್ಣನ್ನು ಒರಸಿ, ಅಕ್ಷರಗಳನ್ನು ಬರೆದುಕೊಂಡು, ಶಾಲೆಗೆ ತನ್ನಿ. ತರಗತಿಯಲ್ಲಿ ಅವುಗಳ ಅರ್ಥದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಗಾಬರಿಯಾಗಬೇಡಿ. ವಿಚಾರಣೆ ಅಲ್ಲಿಂದಲೇ ಆರಂಭವಾಗುತ್ತದೆ.